ಎಲ್ಲರೂ ತಾವೇ ತುಂಬಬಲ್ಲ ಅರ್ಜಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಭಾಷಣಕಾರರು ನಮ್ಮ ಶಾಲೆಯ 2004-05ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಸಾಫ್ಟ್‌ವೇರ್ ಎಂಜಿನಿಯರ್ ಮಾತನಾಡುತ್ತಾನೆ ಎಂದರೆ ಕೃತಕ ಬುದ್ಧಿಮತ್ತೆ, ರೋಬೋ, ಅಮೆರಿಕ ಎಂದೆಲ್ಲ ಹೇಳಬಹುದು ಎಂದು ನೀವು ಕಾದಿರಬಹುದು. ನಾನು ಇವತ್ತು ಮಾತನಾಡುವುದು ಒಂದು ಸಾಮಾನ್ಯ ವಸ್ತುವಿನ ಬಗ್ಗೆ. ಅದರ ಹೆಸರು ಅರ್ಜಿ. ಆಡುಮಾತಿನಲ್ಲಿ ಫಾರಂ.

ನಮ್ಮ ಬದುಕಿನಲ್ಲಿ ಫಾರಂ ಇಲ್ಲದ ಹೊತ್ತು ಯಾವುದಿದೆ ಹೇಳಿ. ಒಂದನೇ ತರಗತಿಗೆ ಸೇರಿಸಲು ಒಂದು ಫಾರಂ, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಒಂದು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಒಂದು, ವಿದ್ಯಾರ್ಥಿವೇತನಕ್ಕೆ ಒಂದು, ಬ್ಯಾಂಕಿನ ಸಾಲಕ್ಕೆ ಹತ್ತು ಹಾಳೆ, ಕೊನೆಗೆ ಪಿಂಚಣಿಗೂ ಒಂದು. ಹಿಂದೆ ಇವೆಲ್ಲ ಅಚ್ಚಾದ ಕಾಗದಗಳಾಗಿದ್ದವು. ಈಗ ಬಹುಪಾಲು ಕಂಪ್ಯೂಟರಿನಲ್ಲಿ ತಯಾರಾಗುತ್ತವೆ. ಅದರಲ್ಲೂ ಶಾಲೆ, ಸಂಘ, ಸೊಸೈಟಿ, ಸಣ್ಣ ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ವರ್ಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿ, ವಾಟ್ಸ್‌ಆಪ್‌ನಲ್ಲಿಯೋ ಇಮೇಲ್‌ನಲ್ಲಿಯೋ ಕಳಿಸಿ, 'ತುಂಬಿ ವಾಪಸ್ ಕಳಿಸಿ' ಎನ್ನುವುದು ರೂಢಿಯಾಗಿದೆ. ಕಣ್ಣಿದ್ದವರಿಗೆ ಇದು ಅನುಕೂಲ. ಕಣ್ಣು ಕಾಣದವರಿಗೆ ಇದು ಇನ್ನೂ ದೊಡ್ಡ ಅನುಕೂಲ ಆಗಬೇಕಿತ್ತು. ಹಲವು ಸಲ ಹಾಗೆ ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ, ಅದನ್ನು ಸರಿ ಮಾಡಲು ನಮ್ಮಂಥವರು ಏನು ಮಾಡಬಹುದು ಎಂಬುದನ್ನು ಹೇಳುತ್ತೇನೆ.

ಕಣ್ಣು ಕಾಣದವರು ಕಂಪ್ಯೂಟರ್ ಹೇಗೆ ಬಳಸುತ್ತಾರೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಇದಕ್ಕೆ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ತೆರೆಯ ಮೇಲೆ ಏನಿದೆ ಎಂಬುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಮೌಸ್ ಬೇಕಿಲ್ಲ, ಕೀಬೋರ್ಡಿನ ಬಾಣದ ಗುರುತಿನ ಕೀಲಿಗಳು, ಟ್ಯಾಬ್ ಕೀಲಿ, ಎಂಟರ್ ಕೀಲಿ ಇವುಗಳಲ್ಲೇ ಎಲ್ಲ ಕೆಲಸ ನಡೆಯುತ್ತದೆ. ಅಮೆರಿಕದಲ್ಲಿ ಟೆಡ್ ಹೆಂಟರ್ ಎಂಬುವರು 1978ರಲ್ಲಿ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಆಮೇಲೆ ಪ್ರೋಗ್ರಾಮಿಂಗ್ ಕಲಿತು, ಜಾಸ್ ಎಂಬ ಸ್ಕ್ರೀನ್ ರೀಡರ್ ಅನ್ನು 1989ರಲ್ಲಿ ತಂದರು. ಅದು ಒಳ್ಳೆಯ ತಂತ್ರಾಂಶ, ಆದರೆ ಬೆಲೆ ಜಾಸ್ತಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದರು. ಅವರ ಜೊತೆ ಸೇರಿದ ಜೇಮ್ಸ್ ಟೇ ಕೂಡ ಅಂಧರೇ. ಅದನ್ನು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ಅದರಲ್ಲಿ ಕನ್ನಡ ಓದುವ ಧ್ವನಿಯೂ ಇದೆ. ಸ್ವಲ್ಪ ಯಂತ್ರದ ದನಿ, ಆದರೆ ಅರ್ಥವಾಗುತ್ತದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಟಾಕ್‌ಬ್ಯಾಕ್ ಎಂಬ ಹೆಸರಿನಲ್ಲಿ ಇಂಥದ್ದೇ ಒಂದು ಇದೆ. ಸೆಟ್ಟಿಂಗ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಈ ಸ್ಕ್ರೀನ್ ರೀಡರ್ ಹೇಗೆ ಕೆಲಸ ಮಾಡುತ್ತದೆ ಎಂದು ಹಿರಿಯರಿಗೆ ತಿಳಿಯುವ ಹಾಗೆ ಹೇಳುತ್ತೇನೆ. ನಾವು ಹೈಸ್ಕೂಲಿನಲ್ಲಿದ್ದಾಗ ಬೀದಿಯ ಅಜ್ಜಿಯರು ಕಾಗದ ಬಂದರೆ ನಮ್ಮನ್ನು ಕರೆದು 'ಓದಪ್ಪಾ ಮಗ' ಎನ್ನುತ್ತಿದ್ದರು. ಸ್ಕ್ರೀನ್ ರೀಡರ್ ಆ ಹುಡುಗನಿದ್ದ ಹಾಗೆ. ಆದರೆ ಒಂದು ವ್ಯತ್ಯಾಸ. ಆ ಹುಡುಗ ಕಾಗದದ ಮೇಲೆ ಕಣ್ಣಾಡಿಸಿ, 'ಅಜ್ಜೀ, ಇಲ್ಲಿ ನೀನು ಹೆಬ್ಬೆಟ್ಟು ಒತ್ತಬೇಕು' ಎಂದು ತಾನಾಗಿ ಊಹಿಸಿ ಹೇಳುತ್ತಿದ್ದ. ಸ್ಕ್ರೀನ್ ರೀಡರ್ ಊಹಿಸುವುದಿಲ್ಲ. ಕಡತದ ಒಳಗೆ ಏನು ಬರೆದಿದೆಯೋ ಅದನ್ನು ಮಾತ್ರ ಹೇಳುತ್ತದೆ. ಒಂದು ಕಾಲಂ ಹತ್ತಿರ ಬಂದಾಗ ಅದು ಮೂರು ವಿಷಯಗಳನ್ನು ಕೇಳಿ ತಿಳಿದುಕೊಳ್ಳುತ್ತದೆ: ಇದರ ಹೆಸರೇನು, ಇದು ಯಾವ ಬಗೆಯದು, ಇದರಲ್ಲಿ ಈಗ ಏನಿದೆ. 'ತಂದೆಯ ಹೆಸರು, ಬರೆಯುವ ಜಾಗ, ಖಾಲಿ' ಎಂದು ಅದು ಹೇಳಿದರೆ ಕೂತವರಿಗೆ ಕೆಲಸ ಮುಗಿದ ಹಾಗೆ. ಈ ಮೂರರಲ್ಲಿ ಹೆಸರೇ ಇಲ್ಲದಿದ್ದರೆ, 'ಬರೆಯುವ ಜಾಗ. ಖಾಲಿ' ಎಂದಷ್ಟೇ ಕೇಳುತ್ತದೆ. ಅಲ್ಲಿ ತಂದೆಯ ಹೆಸರು ಬರೆಯಬೇಕೋ, ತಾಲ್ಲೂಕು ಬರೆಯಬೇಕೋ ಹೇಗೆ ತಿಳಿಯಬೇಕು?

ಇದೆಲ್ಲ ನನಗೆ ಬರೀ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ನಮ್ಮ ಶಾಲೆಯ ಮೊದಲ ತಂಡದ ಹಿರಿಯರೊಬ್ಬರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಊರಿನಿಂದ ಹೊರಗೆ ಹೋಗಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗಿ, ನಿವೃತ್ತಿಯ ಹೊತ್ತಿಗೆ ದೃಷ್ಟಿ ಪೂರ್ತಿ ಹೋಯಿತು. ಅವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನಲ್ಲಿ ಕೆಲವು ತಿಂಗಳು ತರಬೇತಿ ಪಡೆದು ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಬಳಸಲು ಕಲಿತರು. ದಿನಪತ್ರಿಕೆ ಓದುತ್ತಾರೆ, ಇಮೇಲ್ ಬರೆಯುತ್ತಾರೆ, ಮನೆಯ ಲೆಕ್ಕ ಎಕ್ಸೆಲ್‌ನಲ್ಲಿ ಇಡುತ್ತಾರೆ.

ಸುವರ್ಣ ಮಹೋತ್ಸವದ ಸಮಿತಿ ಹಳೆಯ ವಿದ್ಯಾರ್ಥಿಗಳ ಮಾಹಿತಿ ನಮೂನೆ ಕಳಿಸಿದ್ದು ನಿಮಗೆ ನೆನಪಿರಬಹುದು. ಮೂರು ಪುಟದ ವರ್ಡ್ ಕಡತ. ನೋಡಲು ಅಂದವಾಗಿತ್ತು; ಟೈಪ್ ಮಾಡಿದವರು ಶ್ರದ್ಧೆಯಿಂದಲೇ ಮಾಡಿದ್ದರು. ಆ ಹಿರಿಯರು ಫೋನ್ ಮಾಡಿದರು. 'ಏನಪ್ಪಾ, ನೀನು ಕಂಪ್ಯೂಟರ್ ಓದಿದವನು. ನಮ್ಮ ಶಾಲೆಯ ಫಾರಂ ತೆಗೆದರೆ ನನ್ನ ಕಂಪ್ಯೂಟರ್ ಪೌಂಡು, ಪೌಂಡು ಅನ್ನುತ್ತದಲ್ಲ, ನಾವೇನು ಬ್ರಿಟಿಷರಿಗೆ ಅರ್ಜಿ ಹಾಕುತ್ತಿದ್ದೀವಾ?' ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಕಡತ ತೆರೆದು, ತೆರೆ ಆರಿಸಿ, ಅವರು ಕೇಳಿದ ಹಾಗೆಯೇ ಕೇಳಿದೆ. ಆಗ ಏನೇನು ತೊಡಕು ಸಿಕ್ಕಿತು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ಇದು ನಮ್ಮ ಒಂದು ನಮೂನೆಯ ಕಥೆಯಲ್ಲ. ನಾಡಿನ ತುಂಬ ಸಾವಿರಾರು ನಮೂನೆಗಳು ಹೀಗೇ ಇವೆ.

ಮೊದಲನೆಯದು, ಅಕ್ಷರ. ಆ ನಮೂನೆಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಲಾಗಿತ್ತು. ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಿಗಲು ನುಡಿ, ಬರಹ ತಂತ್ರಾಂಶಗಳು ಮಾಡಿದ ಉಪಕಾರ ದೊಡ್ಡದು. ಆದರೆ ಆ ಹಳೆಯ ಫಾಂಟುಗಳಲ್ಲಿ ಒಂದು ಜಾಣತನವಿದೆ. ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನೇ ಇಟ್ಟು, ಮೇಲೆ ಕನ್ನಡದ ಆಕಾರ ತೊಡಿಸುತ್ತವೆ. ತೆರೆಯ ಮೇಲೆ 'ಕನ್ನಡ' ಎಂದು ಕಾಣುವ ಪದದ ಒಳಗೆ ಇರುವುದು ಏನು ಗೊತ್ತೇ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಮತ್ತೆ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಎ. ಕಣ್ಣಿಗೆ ಕಾಣುವುದು ಮೇಲಿನ ವೇಷ. ಸ್ಕ್ರೀನ್ ರೀಡರ್ ಓದುವುದು ಒಳಗಿನದನ್ನು. ಹಿರಿಯರಿಗೆ ಪೌಂಡು ಕೇಳಿಸಿದ್ದು ಹಾಗೆ.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಆದ ಸಂಖ್ಯೆ ಸಿಕ್ಕಿದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ 'ಕ' ಒಳಗೂ 'ಕ', ಹೊರಗೂ 'ಕ'. ನುಡಿಯ ಇತ್ತೀಚಿನ ಆವೃತ್ತಿಗಳಲ್ಲೂ ಯೂನಿಕೋಡಿನಲ್ಲಿ ಬರೆಯಬಹುದು. ಕೀಲಿಗಳ ಜೋಡಣೆ ಬದಲಾಗುವುದಿಲ್ಲ, ಹೊಸದಾಗಿ ಟೈಪಿಂಗ್ ಕಲಿಯಬೇಕಿಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಬೇಕು, ಅಷ್ಟೆ. ಡಿ.ಟಿ.ಪಿ. ಕೆಲಸ ಮಾಡುವ ಗೆಳೆಯರು ಇಲ್ಲಿದ್ದೀರಿ. ಬೇರೆ ಏನೂ ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ. ಕನ್ನಡದ ಅರ್ಜಿಗಳಲ್ಲಿ ಅರ್ಧ ತೊಂದರೆ ಇಲ್ಲಿಗೇ ತೀರುತ್ತದೆ.

ಎರಡನೆಯದು, ಚುಕ್ಕಿ ಗೆರೆ. 'ಹೆಸರು' ಎಂದು ಬರೆದು ಮುಂದೆ ಚುಕ್ಕಿಗಳನ್ನೋ ಅಡಿಗೆರೆಗಳನ್ನೋ ಸಾಲಾಗಿ ಒತ್ತುವುದು ನಮ್ಮ ಅಭ್ಯಾಸ. ಕಾಗದದ ಮೇಲೆ ಪೆನ್ನಿನಿಂದ ಬರೆಯಲು ಅದು ಸರಿ. ಕಂಪ್ಯೂಟರಿನಲ್ಲಿ ಅದು ಬರೆಯುವ ಜಾಗವೇ ಅಲ್ಲ. ಅದೂ ಒಂದು ಅಕ್ಷರದ ಸಾಲು. ಕೆಲವು ಸೆಟ್ಟಿಂಗಿನಲ್ಲಿ ಸ್ಕ್ರೀನ್ ರೀಡರ್ 'ಡಾಟ್ ಡಾಟ್ ಡಾಟ್' ಎಂದು ಹೇಳುತ್ತಲೇ ಹೋಗುತ್ತದೆ, ಕೆಲವದರಲ್ಲಿ ಏನೂ ಹೇಳದೆ ದಾಟಿಬಿಡುತ್ತದೆ. ಅಲ್ಲಿ ಬರೆಯಲು ಹೋದರೆ ಚುಕ್ಕಿಗಳು ಮುಂದಕ್ಕೆ ತಳ್ಳಿಕೊಂಡು ಹೋಗಿ ಮುಂದಿನ ಸಾಲೂ ಕೆಡುತ್ತದೆ. ಕಣ್ಣಿದ್ದವರಿಗೂ ಇದು ಕಿರಿಕಿರಿಯೇ.

ಮೂರನೆಯದು, ಚೌಕಗಳು. 'ಗಂಡು, ಹೆಣ್ಣು' ಎಂದು ಬರೆದು ಪಕ್ಕದಲ್ಲಿ ಒಂದು ಚೌಕದ ಚಿತ್ರ ಬರೆದಿರುತ್ತಾರೆ. ಫೋಟೋ ಅಂಟಿಸಲು ಇನ್ನೊಂದು ಚೌಕ ತೇಲುತ್ತಿರುತ್ತದೆ. ಕಣ್ಣಿಗೆ ಅದು ಪದದ ಪಕ್ಕದಲ್ಲೇ ಇದೆ. ಆದರೆ ಕಡತದ ಒಳಗೆ ಅದು ಎಲ್ಲೋ ಬೇರೆ ಕಡೆ ಇರುತ್ತದೆ. ಸಾಲಾಗಿ ಓದಿಕೊಂಡು ಬರುವ ಸ್ಕ್ರೀನ್ ರೀಡರಿಗೆ ಅದು ಸಿಗುವುದೇ ಇಲ್ಲ, ಅಥವಾ ಸಂಬಂಧವಿಲ್ಲದ ಜಾಗದಲ್ಲಿ ಸಿಗುತ್ತದೆ. ಗುರುತು ಹಾಕಲು ಬರುವುದಂತೂ ಇಲ್ಲ.

ನಾಲ್ಕನೆಯದು, ಟೇಬಲ್. ಟೇಬಲ್ ಇರಬಾರದು ಎಂದಲ್ಲ. ಮಕ್ಕಳು ಆಡುವ ಚೌಕಾಬಾರದ ಮನೆಗಳ ಹಾಗೆ ಅಡ್ಡಸಾಲು, ಉದ್ದಸಾಲು ನೇರವಾಗಿದ್ದರೆ ಸ್ಕ್ರೀನ್ ರೀಡರ್ 'ಎರಡನೇ ಸಾಲು, ಮೂರನೇ ಮನೆ' ಎಂದು ಸರಿಯಾಗಿಯೇ ಹೇಳುತ್ತದೆ. ನಾವು ಅಂದಕ್ಕಾಗಿ ಎರಡು ಮನೆ ಒಂದು ಮಾಡುತ್ತೇವೆ, ಒಂದು ಮನೆಯನ್ನು ಮೂರು ಭಾಗ ಮಾಡುತ್ತೇವೆ, ಟೇಬಲಿನ ಒಳಗೆ ಇನ್ನೊಂದು ಟೇಬಲ್ ಇಡುತ್ತೇವೆ. ಆಗ ಎಣಿಕೆ ತಪ್ಪುತ್ತದೆ. ಯಾವ ಮನೆ ಯಾವ ತಲೆಬರಹಕ್ಕೆ ಸೇರಿದ್ದು ಎಂದು ಕೇಳುಗರಿಗೆ ತಿಳಿಯುವುದಿಲ್ಲ.

ಐದನೆಯದು, ಬಣ್ಣ. 'ಕೆಂಪು ಬಣ್ಣದ ಕಾಲಂಗಳನ್ನು ಕಡ್ಡಾಯವಾಗಿ ತುಂಬಿ' ಎಂದು ಬರೆದಿದ್ದರೆ, ಕಣ್ಣು ಕಾಣದವರಿಗೆ ಮಾತ್ರವಲ್ಲ, ಬಣ್ಣಗುರುಡು ಇರುವವರಿಗೂ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದವರಿಗೂ ಅದು ಉಪಯೋಗವಿಲ್ಲ. ಬಣ್ಣ ಇರಲಿ, ಜೊತೆಗೆ 'ಕಡ್ಡಾಯ' ಎಂಬ ಪದವೂ ಇರಲಿ.

ಈಗ ಪರಿಹಾರಕ್ಕೆ ಬರೋಣ. ವರ್ಡ್‌ನಲ್ಲಿ ನಿಜವಾದ ಕಾಲಂ ಮಾಡಲು ಸೌಲಭ್ಯವಿದೆ, ಆದರೆ ಅದು ಮೊದಲಿಗೆ ಕಾಣಿಸುವುದಿಲ್ಲ. ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್ ಎಂಬಲ್ಲಿಗೆ ಹೋಗಿ 'ಡೆವಲಪರ್' ಎಂಬುದಕ್ಕೆ ಗುರುತು ಹಾಕಬೇಕು. ಆಗ ಮೇಲೆ ಡೆವಲಪರ್ ಎಂಬ ಟ್ಯಾಬ್ ಬರುತ್ತದೆ. ಅದರಲ್ಲಿ ಕಂಟೆಂಟ್ ಕಂಟ್ರೋಲ್ ಎಂಬ ಸಣ್ಣ ಗುಂಡಿಗಳಿವೆ. ಬರೆಯುವ ಜಾಗಕ್ಕೆ ಒಂದು, ಟಿಕ್ ಹಾಕುವ ಚೌಕಕ್ಕೆ ಒಂದು, ಪಟ್ಟಿಯಿಂದ ಆರಿಸಲು ಒಂದು, ದಿನಾಂಕಕ್ಕೆ ಒಂದು. ಚುಕ್ಕಿ ಗೆರೆ ಅಳಿಸಿ ಆ ಜಾಗದಲ್ಲಿ ಇವನ್ನು ಇಡಬೇಕು.

ಇಟ್ಟ ಮೇಲೆ ಮುಖ್ಯವಾದ ಒಂದು ಕೆಲಸವಿದೆ. ಪ್ರತಿಯೊಂದರ ಮೇಲೂ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದು, 'ಟೈಟಲ್' ಎಂಬಲ್ಲಿ ಆ ಕಾಲಂನ ಹೆಸರು ಬರೆಯಬೇಕು. ಸ್ಕ್ರೀನ್ ರೀಡರ್ ಓದುವುದು ಈ ಟೈಟಲನ್ನು. ಇದನ್ನು ಪೂರ್ತಿಯಾಗಿ ಬರೆಯಿರಿ. ಬರೀ 'ದಿನಾಂಕ' ಎಂದರೆ ಯಾವ ದಿನಾಂಕ? 'ಹುಟ್ಟಿದ ದಿನಾಂಕ, ಕಡ್ಡಾಯ, ದಿನ ತಿಂಗಳು ವರ್ಷ ಈ ಕ್ರಮದಲ್ಲಿ' ಎಂದು ಬರೆದರೆ ಯಾರನ್ನೂ ಕೇಳಬೇಕಿಲ್ಲ. ಕಾಲಂ ಒಳಗೆ ತಿಳಿ ಬಣ್ಣದಲ್ಲಿ 'ಇಲ್ಲಿ ಕ್ಲಿಕ್ ಮಾಡಿ' ಎಂಬ ಇಂಗ್ಲಿಷ್ ಸೂಚನೆ ಇರುತ್ತದೆ. ಅದನ್ನು ಕನ್ನಡಕ್ಕೆ ಬದಲಿಸಬಹುದು. ಆದರೆ ಟೈಪ್ ಮಾಡಲು ಶುರು ಮಾಡಿದ ತಕ್ಷಣ ಅದು ಮಾಯವಾಗುತ್ತದೆ, ಆದ್ದರಿಂದ ಮುಖ್ಯ ವಿಷಯವನ್ನು ಅಲ್ಲಿ ಮಾತ್ರ ಇಡಬಾರದು.

ಕಾಲಂನ ಹೆಸರು ಕಾಲಂಗಿಂತ ಮೊದಲು ಬರಬೇಕು, ಸೂಚನೆಗಳು ಕೂಡ ಮೊದಲೇ ಬರಬೇಕು. ಕೊನೆಯ ಪುಟದಲ್ಲಿ 'ವಿ.ಸೂ.' ಎಂದು ಹಾಕಿ 'ಮೂರನೆಯ ಕಾಲಂನಲ್ಲಿ ಇಂಗ್ಲಿಷಿನಲ್ಲೇ ಬರೆಯತಕ್ಕದ್ದು' ಎಂದರೆ, ಕಿವಿಯಿಂದ ಓದುವವರಿಗೆ ಅದು ಎಲ್ಲ ತುಂಬಿ ಮುಗಿಸಿದ ಮೇಲೆ ತಿಳಿಯುತ್ತದೆ. ಭಾಗಗಳ ತಲೆಬರಹಗಳನ್ನು ಬರೀ ದಪ್ಪ ಅಕ್ಷರ ಮಾಡದೆ 'ಹೆಡಿಂಗ್' ಶೈಲಿ ಕೊಡಬೇಕು. ಆಗ ಸ್ಕ್ರೀನ್ ರೀಡರ್ ಬಳಸುವವರು ಒಂದು ತಲೆಬರಹದಿಂದ ಇನ್ನೊಂದಕ್ಕೆ ನೇರವಾಗಿ ಹಾರಬಹುದು. ನಾವು ಪುಟದ ಮೇಲೆ ಕಣ್ಣಾಡಿಸುವ ಹಾಗೆಯೇ ಅದು. ಟೇಬಲ್ ಇದ್ದರೆ ಮೊದಲ ಸಾಲನ್ನು ಶೀರ್ಷಿಕೆ ಸಾಲು ಎಂದು ಗುರುತಿಸಬೇಕು. ಶಾಲೆಯ ಲಾಂಛನಕ್ಕೋ ಫೋಟೋಗೋ 'ಆಲ್ಟ್ ಟೆಕ್ಸ್ಟ್' ಎಂಬಲ್ಲಿ ಒಂದು ಸಾಲಿನ ವಿವರಣೆ ಬರೆಯಬೇಕು. ಇಡೀ ಕಡತದ ಭಾಷೆ ಕನ್ನಡ ಎಂದು ವರ್ಡ್‌ಗೆ ತಿಳಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ತುಂಬುವವರು ನಮೂನೆಯನ್ನು ಕೆಡಿಸದಿರಲಿ ಎಂದು ನಾವು ಅದಕ್ಕೆ ಬೀಗ ಹಾಕುತ್ತೇವೆ. ವರ್ಡ್‌ನಲ್ಲಿ 'ರಿಸ್ಟ್ರಿಕ್ಟ್ ಎಡಿಟಿಂಗ್' ಎಂಬಲ್ಲಿ 'ಫಿಲ್ಲಿಂಗ್ ಇನ್ ಫಾರ್ಮ್ಸ್' ಎಂದು ಆರಿಸಿದರೆ ಕಾಲಂಗಳನ್ನು ಬಿಟ್ಟು ಬೇರೆಲ್ಲೂ ಬರೆಯಲು ಆಗುವುದಿಲ್ಲ. ಇದರಿಂದ ಒಂದು ಲಾಭ: ಟ್ಯಾಬ್ ಕೀಲಿ ಒತ್ತಿದರೆ ಕಾಲಂನಿಂದ ಕಾಲಂಗೆ ಹೋಗಬಹುದು. ಒಂದು ನಷ್ಟವೂ ಇದೆ: ಕರ್ಸರ್ ಕಾಲಂಗಳಿಗೆ ಮಾತ್ರ ಹೋಗುತ್ತದೆ, ನಡುವೆ ಇರುವ ಸೂಚನೆಗಳಿಗೆ ಹೋಗುವುದಿಲ್ಲ. ಕಣ್ಣಿದ್ದವರು ಸೂಚನೆಯನ್ನು ನೋಡಿ ಓದುತ್ತಾರೆ, ಕಣ್ಣು ಕಾಣದವರಿಗೆ ಅದು ಇದೆ ಎಂಬುದೇ ಗೊತ್ತಾಗುವುದಿಲ್ಲ. ಹಾಗಾಗಿ ಸೂಚನೆಗಳ ಭಾಗವನ್ನು ಬೇರೆ ಸೆಕ್ಷನ್ ಮಾಡಿ ಅದಕ್ಕೆ ಬೀಗ ಹಾಕದೆ ಬಿಡಬೇಕು, ಮತ್ತು ಆಯಾ ಕಾಲಂಗೆ ಬೇಕಾದ ಮಾತನ್ನು ಅದರ ಟೈಟಲ್‌ನಲ್ಲೇ ಬರೆಯಬೇಕು.

ಎಲ್ಲ ಮುಗಿದ ಮೇಲೆ ಪರೀಕ್ಷೆ. ವರ್ಡ್‌ನ ರಿವ್ಯೂ ಟ್ಯಾಬಿನಲ್ಲಿ 'ಚೆಕ್ ಆ್ಯಕ್ಸೆಸಿಬಿಲಿಟಿ' ಎಂಬುದಿದೆ. ಅದು ಚಿತ್ರಕ್ಕೆ ವಿವರಣೆ ಇಲ್ಲದಿರುವುದು, ಟೇಬಲ್ ಮನೆಗಳನ್ನು ಒಂದು ಮಾಡಿರುವುದು ಮೊದಲಾದ ದೋಷಗಳನ್ನು ತೋರಿಸುತ್ತದೆ. ಆದರೆ ನೀವು ಊರಿನ ಕಾಲಂಗೆ 'ತಾಯಿಯ ಹೆಸರು' ಎಂದು ಟೈಟಲ್ ಕೊಟ್ಟಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ನರೇಟರ್ ಎಂಬ ಸ್ಕ್ರೀನ್ ರೀಡರ್ ಶುರುವಾಗುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ಕನ್ನಡದ ನಮೂನೆಯಾದರೆ ಎನ್‌ವಿಡಿಎ ಹಾಕಿಕೊಳ್ಳಿ. ತೆರೆ ಆರಿಸಿ, ಮೌಸ್ ಪಕ್ಕಕ್ಕಿಟ್ಟು, ನೀವೇ ತಯಾರಿಸಿದ ಅರ್ಜಿಯನ್ನು ನೀವೇ ಒಮ್ಮೆ ತುಂಬಿ. ಐದು ನಿಮಿಷದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ ಕೊಟ್ಟು ಕೇಳುವುದು.

ವರ್ಡ್ ಎಲ್ಲದಕ್ಕೂ ಸರಿ ಎಂದು ನಾನು ಹೇಳುವುದಿಲ್ಲ. ಮೊಬೈಲಿನಲ್ಲಿ ವರ್ಡ್ ನಮೂನೆ ತುಂಬುವುದು ಎಲ್ಲರಿಗೂ ಕಷ್ಟವೇ. ನಮ್ಮ ಊರಿನಲ್ಲಿ ಲ್ಯಾಪ್‌ಟಾಪ್‌ಗಿಂತ ಫೋನ್ ಜಾಸ್ತಿ. ಹಾಗಾಗಿ ಬಹಳ ಜನ ತುಂಬಬೇಕಾದ ಅರ್ಜಿಯಾದರೆ ಅಂತರಜಾಲದ ಫಾರಂ ಮಾಡಿ ಲಿಂಕ್ ಕಳಿಸುವುದು ಉತ್ತಮ; ಅವು ಟಾಕ್‌ಬ್ಯಾಕ್ ಜೊತೆ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. ಪಿ.ಡಿ.ಎಫ್. ಮಾಡುವವರಿಗೆ ಎರಡು ಮಾತು. ವರ್ಡ್‌ನಿಂದ ಪಿ.ಡಿ.ಎಫ್. ಮಾಡಿದಾಗ ತುಂಬುವ ಕಾಲಂಗಳು ಸಾಮಾನ್ಯವಾಗಿ ತುಂಬುವ ಕಾಲಂಗಳಾಗಿ ಉಳಿಯುವುದಿಲ್ಲ. ಓದಲು ಮಾತ್ರ ಇರುವ ಸುತ್ತೋಲೆಗೆ ಅದು ಸರಿ, ಅರ್ಜಿಗೆ ಸರಿಯಲ್ಲ. ಇನ್ನು ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸಿದರೆ ಅದು ಬರೀ ಚಿತ್ರ. ಸ್ಕ್ರೀನ್ ರೀಡರ್ ಪಾಲಿಗೆ ಖಾಲಿ ಹಾಳೆ. ಕಾಗದದ ಅರ್ಜಿಯೂ ಇರಲಿ. ಕಂಪ್ಯೂಟರ್ ಬಾರದವರು ನಮ್ಮಲ್ಲಿ ಇದ್ದಾರೆ, ಅವರನ್ನೂ ಬಿಡುವಂತಿಲ್ಲ.

ಆ ಹಿರಿಯರ ವಿಷಯಕ್ಕೆ ಬರುತ್ತೇನೆ. ನಾವು ಮೂರು ಜನ ಗೆಳೆಯರು ಒಂದು ಭಾನುವಾರ ಕೂತು ನಮ್ಮ ಶಾಲೆಯ ನಮೂನೆಯನ್ನು ಯೂನಿಕೋಡಿಗೆ ತಂದು, ಈಗ ಹೇಳಿದ ಹಾಗೆ ಸರಿ ಮಾಡಿ ಅವರಿಗೆ ಕಳಿಸಿದೆವು. ಅವರು ಎರಡು ತಿದ್ದುಪಡಿ ಹೇಳಿದರು. ಅದನ್ನೂ ಮಾಡಿದೆವು. ಅಷ್ಟು ಹೊತ್ತಿಗೆ ಅವರ ಹೆಸರಿನಲ್ಲಿ ಒಂದು ಅರ್ಜಿ ಸಮಿತಿಗೆ ಬಂದಾಗಿತ್ತು. ಹಳೆಯ ನಮೂನೆಯನ್ನು ಪಕ್ಕದ ಮನೆಯ ಹುಡುಗನೊಬ್ಬ ಅವರ ಪರವಾಗಿ ತುಂಬಿ ಕಳಿಸಿದ್ದ. ಹೆಸರು, ವಿಳಾಸ, ತಂಡ, ಉದ್ಯೋಗ ಎಲ್ಲ ಸರಿಯಿತ್ತು. 'ಶಾಲೆಗೆ ನೀವು ಯಾವ ರೀತಿ ನೆರವಾಗಬಲ್ಲಿರಿ?' ಎಂಬ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದಿದ್ದ. ಕಣ್ಣು ಕಾಣದ, ವಯಸ್ಸಾದ ಮನುಷ್ಯರು, ಇವರನ್ನು ಇದೇನು ಕೇಳುವುದು ಎಂದು ಅವನಿಗೆ ಅನ್ನಿಸಿರಬೇಕು. ಆ ಕಾಲಂ ಇತ್ತೆಂಬುದೇ ಹಿರಿಯರಿಗೆ ಗೊತ್ತಿರಲಿಲ್ಲ. ಹುಡುಗನನ್ನು ನಾನು ದೂರುವುದಿಲ್ಲ. ಉಪಕಾರ ಮಾಡಲೆಂದೇ ಬಂದವನು ಅವನು.

ಹೊಸ ನಮೂನೆಯನ್ನು ಹಿರಿಯರು ತಾವೇ ತುಂಬಿದರು. ಅದೇ ಕಾಲಂನಲ್ಲಿ ಹೀಗೆ ಬರೆದಿದ್ದರು: ವಾರಕ್ಕೆ ಎರಡು ಸಂಜೆ, ಹತ್ತನೇ ತರಗತಿಯ ಮಕ್ಕಳಿಗೆ ಫೋನಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡಬಲ್ಲೆ, ಬ್ಯಾಂಕ್ ಪರೀಕ್ಷೆಗೆ ಕೂರುವ ಹಳೆಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಲ್ಲೆ. ಈಗ ಮಂಗಳವಾರ ಮತ್ತು ಶುಕ್ರವಾರ ಮುಖ್ಯೋಪಾಧ್ಯಾಯರ ಕೊಠಡಿಯ ಫೋನ್ ಸ್ಪೀಕರಿನಲ್ಲಿ ಆ ಪಾಠ ನಡೆಯುತ್ತಿದೆ. ಪಾಠ ಕೇಳಿದ ಮಕ್ಕಳು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.

ಇದನ್ನು ಯಾಕೆ ಹೇಳಿದೆ ಎಂದರೆ, ಬೇರೆಯವರು ನಮ್ಮ ಪರವಾಗಿ ಅರ್ಜಿ ತುಂಬಿದಾಗ ಎರಡು ನಷ್ಟ ಆಗುತ್ತದೆ. ಒಂದು, ಗುಟ್ಟು ಉಳಿಯುವುದಿಲ್ಲ. ಆದಾಯ ಎಷ್ಟು, ಸಾಲ ಎಷ್ಟು, ಕಾಯಿಲೆ ಏನು, ಬ್ಯಾಂಕ್ ಖಾತೆಯ ಸಂಖ್ಯೆ ಯಾವುದು ಎಂಬುದನ್ನೆಲ್ಲ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಬೇಕಾಗುತ್ತದೆ. ಎರಡನೆಯದು, ನಾವು ಹೇಳಬೇಕೆಂದಿದ್ದ ಮಾತು ಬರೆಯುವವರ ಊಹೆಯಲ್ಲಿ ಕಳೆದುಹೋಗುತ್ತದೆ.

ನಮ್ಮ ನಾಡಿನಲ್ಲಿ ಅಂಧರ ಸಾಧನೆ ಹೊಸದೇನಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಅಂಧರೇ. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಸಂಗೀತಗಾರರಾದ ಅಂಧರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಗುಮಾಸ್ತರಾದ, ಶಿಕ್ಷಕರಾದ, ವಕೀಲರಾದ, ಸಾಫ್ಟ್‌ವೇರ್ ಬರೆಯುವ ಅಂಧರು ನಮ್ಮ ಕಣ್ಣಿಗೆ ಬೀಳುವುದು ಕಡಿಮೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ. ಇವರಲ್ಲಿ ಓದುವವರು, ಕೆಲಸಕ್ಕೆ ಅರ್ಜಿ ಹಾಕುವವರು ವರ್ಷವರ್ಷವೂ ಇದ್ದಾರೆ. ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ. 4 ಮೀಸಲಾತಿ ಇದೆ, ಅದರಲ್ಲಿ ಶೇ. 1 ದೃಷ್ಟಿದೋಷ ಇರುವವರಿಗೆ. ಹುದ್ದೆ ಮೀಸಲಿಟ್ಟು, ಅದಕ್ಕೆ ಹಾಕುವ ಅರ್ಜಿಯನ್ನೇ ಅವರು ತುಂಬಲಾಗದ ಹಾಗೆ ಮಾಡಿದರೆ ಏನು ಬಂತು?

ಕಾನೂನು ಕೂಡ ಈ ಕಡೆಯೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮಾಹಿತಿ ಮತ್ತು ತಂತ್ರಜ್ಞಾನ ಅಂಗವಿಕಲರಿಗೂ ಸುಲಭವಾಗಿ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ ಎಂದು ಅದರ 42ನೇ ಕಲಂ ಹೇಳುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕು ಎಂದು ತೀರ್ಪು ಕೊಟ್ಟಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಆ ಪ್ರಕರಣದ ಅರ್ಜಿದಾರರಲ್ಲಿ ಒಬ್ಬರು ಸ್ವತಃ ದೃಷ್ಟಿದೋಷ ಇರುವವರು.

ಕಾನೂನಿಗಿಂತ ಹತ್ತಿರದ ಒಂದು ಮಾತು ಹೇಳುತ್ತೇನೆ. ನಮ್ಮ ಶಾಲೆಗೆ 50 ವರ್ಷ ಆಯಿತು. ಅಂದರೆ ಮೊದಲ ತಂಡದವರಿಗೆ ಅರವತ್ತು ದಾಟಿದೆ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆ, ಇವೆಲ್ಲ ವಯಸ್ಸಿನ ಜೊತೆ ಬರುವಂಥವು. ಇವತ್ತು ಇನ್ನೊಬ್ಬರಿಗಾಗಿ ಸರಿ ಮಾಡುವ ಅರ್ಜಿ ಇಪ್ಪತ್ತು ವರ್ಷದ ಮೇಲೆ ನಮ್ಮ ಕೈಗೇ ಬರಬಹುದು.

ಕೊನೆಯದಾಗಿ ಮೂರು ಕೋರಿಕೆಗಳು. ಒಂದು, ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷದಿಂದ ವಿದ್ಯಾರ್ಥಿವೇತನ ಕೊಡಲು ನಿರ್ಧರಿಸಿದೆ. ಅದರ ಅರ್ಜಿ ಮೊದಲ ದಿನದಿಂದಲೇ ಎಲ್ಲರೂ ತುಂಬುವ ಹಾಗೆ ಇರಲಿ. ಅದನ್ನು ತಯಾರಿಸುವ ಕೆಲಸ ನನಗೆ ಕೊಡಿ. ಎರಡು, ಶಾಲೆಯ ಕಂಪ್ಯೂಟರ್ ಕೊಠಡಿಯ ಎಲ್ಲ ಯಂತ್ರಗಳಲ್ಲೂ ಎನ್‌ವಿಡಿಎ ಹಾಕಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನಾಳೆ ಬೆಳಿಗ್ಗೆ ನಾವು ಹಾಕಿ ಕೊಡುತ್ತೇವೆ. ಒಂಬತ್ತನೇ ತರಗತಿಯ ಮಕ್ಕಳು ತೆರೆ ಆರಿಸಿ ಒಂದು ಅರ್ಜಿ ತುಂಬುವ ಅಭ್ಯಾಸ ಮಾಡಲಿ. ಮೂರು, ಊರಿನಲ್ಲಿ ಮತ್ತು ಪೇಟೆಯಲ್ಲಿ ಡಿ.ಟಿ.ಪಿ. ಮಾಡುವವರು, ಪಂಚಾಯಿತಿಯಲ್ಲಿ, ಸೊಸೈಟಿಯಲ್ಲಿ ಟೈಪ್ ಮಾಡುವವರು ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ನಿಮ್ಮ ಒಂದು ಹಳೆಯ ನಮೂನೆ ಪೆನ್‌ಡ್ರೈವಿನಲ್ಲಿ ತನ್ನಿ. ಎರಡು ಗಂಟೆಯಲ್ಲಿ ಒಟ್ಟಿಗೆ ಸರಿ ಮಾಡೋಣ.